ಮೂರನೇ ಕಾಯಿಲ್

ಮೇ 14, ಬೆಳಿಗ್ಗೆ 10.20. ಟ್ಯಾಕ್ಸಿ ಓಡಿಸುವ ಅನಿತ ಶ್ರೀನಿವಾಸಪುರ ಠಾಣೆಗೆ ದೂರು ತಂದಳು. ಮುನಿಶಾಮಿಯ ಶೆಡ್ಡಿನಲ್ಲಿ ಇಂಜಿನ್ನಿನ ನಾಲ್ಕು ಸಿಲಿಂಡರಿಗೂ ಕಿಡಿ ಕೊಡುವ ನಾಲ್ಕು ಹೊಸ ಇಗ್ನಿಷನ್ ಕಾಯಿಲ್ ಹಾಕಿಸಿ ವಾರವಾಗಿರಲಿಲ್ಲ. ಬಸುರಿಯೊಬ್ಬಳನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯುವಾಗ ಗಾಡಿ ಜಗ್ಗಿ ಜಗ್ಗಿ ನಿಂತುಬಿಟ್ಟಿತ್ತು. ಪುಣ್ಯಕ್ಕೆ ಆಕೆ ಬೇರೆ ಗಾಡಿ ಹತ್ತಿ ಹೊತ್ತಿಗೆ ಸರಿಯಾಗಿ ಸೇರಿದ್ದಳು.

“ಮೂರನೇ ಕಾಯಿಲ್ ಹಳೇದು ಹಾಕವ್ರೆ ಸಾರ್. ಆ ಶೆಡ್ ಮುಚ್ಚಿಸ್ಬೇಕು.”

“ಯಾರು ಹೇಳಿದ್ದು?” ಇನ್‌ಸ್ಪೆಕ್ಟರ್ ಅಮರನಾಥ್ ಕೇಳಿದರು.

“ಗಾಡಿ ಚೆಕ್ ಮಾಡೋ ಸ್ಕ್ಯಾನರ್ ಅಂಗಡಿ ವೆಂಕಟ್. ಫೋನಲ್ಲಿ ಕೇಳ್ದೆ. ನೆಟ್ಟಗೆ ಸ್ಟೇಷನ್‌ಗೆ ಹೋಗು ಅಂದ.”

ಎಫ್‌ಐಆರ್ ಆಯಿತು. ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಲವತ್ತು ವರ್ಷ ಇಂಜಿನ್ ಆಲಿಸಿದ್ದ ಮುನಿಶಾಮಿಯ ಶೆಡ್ಡಿನ ಮುಂದೆ, ಮಧ್ಯಾಹ್ನದ ಹೊತ್ತಿಗೆ ಒಂದು ಗಾಡಿಯೂ ಉಳಿದಿರಲಿಲ್ಲ.

3.00 ಗಂಟೆ. ಠಾಣೆಯ ಅಂಗಳಕ್ಕೆ ಎಳೆದು ತಂದ ಗಾಡಿಯ ಪಂಚನಾಮೆ; ಮುನಿಶಾಮಿಯನ್ನೂ ಕರೆಸಿದ್ದರು. ಮೊದಲು ವೆಂಕಟನ ಹೇಳಿಕೆ.

“ಸೋಮವಾರ ಇವರ ಗಾಡಿ ವಾಟರ್ ವಾಶ್ ಮಾಡ್ದೆ, ಅಷ್ಟೇ. ಬಾನೆಟ್ ಎತ್ತಿಲ್ಲ, ಸ್ಕ್ಯಾನರ್ ಹಾಕಿಲ್ಲ.”

“ಮತ್ತೆ ಮೂರನೇದು ಅಂದಿದ್ದು?”

“ಅಂದಾಜು ಸಾರ್.”

ಕೋಲಾರದಿಂದ ಕರೆಸಿದ್ದ ಮೆಕ್ಯಾನಿಕ್ ಕದಿರೇಶ್ ಸ್ಕ್ಯಾನರ್ ಸಿಕ್ಕಿಸಿದ. ಪಿ 0302 ಎಂದು ಬಂತು. ಅಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯದೆ ‘ಮಿಸ್ಸಿಂಗ್’. ಆ ಕಾಯಿಲನ್ನು ಕಿತ್ತು ನಾಲ್ಕನೆಯದರ ಜಾಗಕ್ಕೆ ಹಾಕಿದಾಗ ಪಿ 0304, ನಾಲ್ಕನೇ ಸಿಲಿಂಡರ್, ಎಂದಾಯಿತು. ಕಾಯಿಲ್ ಹೋದಲ್ಲಿಗೆ ದೋಷವೂ ಹೋಯಿತು. ಕೆಟ್ಟದ್ದು ಅದೇ.

“ನೋಡಿ, ನಾನಂದಿದ್ದು ಮೂರು, ಬಂದಿದ್ದು ಎರಡು,” ವೆಂಕಟ್ ಉಸಿರು ಬಿಟ್ಟ.

ಅಮರನಾಥ್ ಮುನಿಶಾಮಿಯ ಕಡೆ ತಿರುಗಿದರು. “ಎರಡನೇದು ಯಾವುದು, ತೋರಿಸಿ.”

ಮುದುಕ ಕದಿರೇಶ್ ಮೊದಲು ಕಿತ್ತ ಜಾಗ ಬಿಟ್ಟು ಅದರ ಪಕ್ಕದ ಕಾಯಿಲನ್ನು ಮುಟ್ಟಿದ.

“ಅಲ್ಲ ತಾತ,” ಕದಿರೇಶ್ ನಕ್ಕ. “ಬೆಲ್ಟ್ ಕಡೆಯಿಂದ ಎಣಿಸ್ಬೇಕು.”

“ಕಂಪನಿಯೋರು ಹಂಗೆ ಎಣಿಸ್ಕೊಳ್ಲಿ. ನಮ್ಮ ಶೆಡ್ಡಲ್ಲಿ ಆ ತುದಿ, ಗೇರ್‌ಬಾಕ್ಸ್ ಕಡೆಯಿಂದಾನೇ. ನೀನು ಕಿತ್ತಿದ್ದು ನಮಗೆ ಮೂರ...”

ಮಾತು ಅಲ್ಲಿಗೇ ನಿಂತಿತು. ಮುದುಕ ವೆಂಕಟನನ್ನು ನೋಡಿ ತಲೆ ತಗ್ಗಿಸಿದ.

“ವೆಂಕಟ್, ನೀನು ಕೆಲಸ ಕಲಿತಿದ್ದು ಎಲ್ಲಿ?” ಅಮರನಾಥ್ ಕೇಳಿದರು.

“...ಇವರ ಹತ್ರಾನೇ ಸಾರ್. ಹನ್ನೊಂದು ವರ್ಷ.”

“ಹಂಗಾದ್ರೆ ಈ ಶೆಡ್ಡಿನ ಎಣಿಕೆಯ ಮೂರನೇದೇ ಕೆಟ್ಟಿದೆ ಅಂತ ಬಾನೆಟ್ ಎತ್ತದೆ ಹೆಂಗೆ ಗೊತ್ತಾಯ್ತು?”

5.10ಕ್ಕೆ ವೆಂಕಟನ ಅಂಗಡಿಯ ಡ್ರಾಯರಿನಲ್ಲಿ ಕಾನ್‌ಸ್ಟೆಬಲ್ ತ್ರಿವೇಣಿಗೆ ಹೊಸ ಕಾಯಿಲ್ ಸಿಕ್ಕಿತು. ಅದರ ನಂಬರೂ ಅನಿತಳ ಬಿಲ್ಲಿನ ನಂಬರೂ ಒಂದೇ. 5.40ಕ್ಕೆ ಬಂಧನ; ಅವನನ್ನು ಜೀಪಿನಲ್ಲಿ ಠಾಣೆಯ ಅಂಗಳಕ್ಕೆ ತಂದರು.

“ಯಾಕೋ ಮಾಡ್ದೆ?” ಅಮರನಾಥ್ ಕೇಳಿದರು.

“ಸ್ಕ್ಯಾನರ್ ತಂದಿಟ್ರೂ ಜನ ಇವರ ಕಿವೀನೇ ನಂಬ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಚೆನ್ನಾಗಿ ಮಾಡ್ದೆ ಅನ್ನಲಿಲ್ಲ ಸಾರ್ ಇವರು.”

ಅನಿತ ಕೈಮುಗಿದಳು. “ತಪ್ಪಾಯ್ತು ತಾತ. ಹೊಸದನ್ನ ನೀವೇ ಹಾಕ್ಬೇಕು.”

ಜಪ್ತಿ ಬರೆದು ಮುಗಿದ ಮೇಲೆ ಅವಳೇ ತಂದ ಇನ್ನೊಂದು ಕಾಯಿಲನ್ನು ಮುನಿಶಾಮಿ ಕೂರಿಸಿದ. ಇಂಜಿನ್ ಒಂದೇ ಸಮನೆ ಓಡಿತು. ಬಾನೆಟ್ ಇಳಿಸುವ ಮೊದಲು ಅವನು ಕಾಯಿಲಿಗೆ ಸಿಕ್ಕಿಸುವ ಹಳೇ ವೈರಿನ ತುದಿಯ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪನ್ನು ಬೆರಳಿಂದ ಸವರಿ ನೋಡಿದ.

“ಸಾರ್, ಅವಸರದಲ್ಲಿ ಕಿತ್ರೆ ಈ ಕ್ಲಿಪ್ ಮುರಿದೇ ಮುರಿಯುತ್ತೆ. ಕಳ್ಳತನದಲ್ಲೂ ಒಂದು ಗೀರು ಬಿದ್ದಿಲ್ಲ ನೋಡಿ.” ಜೀಪಿನೊಳಗಿದ್ದವನಿಗೆ ಕೇಳುವಂತೆ ದನಿ ಎತ್ತಿದ. “ಕೈ ಚೆನ್ನಾಗಿದೆ ಕಣ್ಲಾ, ವೆಂಕಟಾ.”

ಜೀಪಿನಲ್ಲಿ ವೆಂಕಟ್ ಮುಖ ಮುಚ್ಚಿಕೊಂಡ.