ಲಿಂಗೇರಳ ಸೋರೆಬುರುಡೆ

“ಮುಚ್ಚಳ ತೆಗೆಯುವ ಮೊದಲು ನಿನ್ನ ತಾಯಿಯ ಹೆಸರು ಹೇಳು. ಆಮೇಲೆ ಅವಳ ತಾಯಿ, ಅವಳ ತಾಯಿಯ ತಾಯಿ,” ಎಂದಳು ತೆನಿಂಗ್. “ಅಪ್ಪನ ಹೆಸರು ಮಾತ್ರ ಎತ್ತಬೇಡ.”

ಊರ್ಮಿಳಾ ನಕ್ಕಳು. ಜರ್ಮನಿಗೆ ಬಂದು ವರ್ಷಗಳಾಗಿದ್ದರೂ ಬಾನ್ ನಗರದ ಆ ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಇದು ಅವಳ ಮೊದಲ ವಾರ. ಮೈಸೂರಿನಲ್ಲಿ ಇತಿಹಾಸ ಓದಿದವಳು, ಓದಿದ್ದರ ಜಂಬವೂ ಇತ್ತು. ಮೇಜಿನ ಮೇಲಿದ್ದದ್ದು ಪಶ್ಚಿಮ ಆಫ್ರಿಕಾದ ಸೆನೆಗಲ್‌ನಿಂದ ಬಂದ, ಹಾಲು ತುಂಬಿಡುವ ಸೋರೆಬುರುಡೆ. ಅಲ್ಲಿನ ಸೆರೇರ್ ಜನರ ರಾಜ್ಯವೊಂದರ ಲಿಂಗೇರಳದ್ದು. ಲಿಂಗೇರ್ ಎಂದರೆ ರಾಜನ ತಾಯಿ ಅಥವಾ ಅಕ್ಕ. ಅವಳ ತಾಯಿಕುಲದಲ್ಲಿ ಹುಟ್ಟದವನಿಗೆ ಅಲ್ಲಿ ಸಿಂಹಾಸನವಿಲ್ಲ. ಜೊತೆಗೆ ಕೆಲಸ ಮಾಡುವ ತೆನಿಂಗ್ ಅದೇ ಸೀಮೆಯ ಹೆಣ್ಣು.

“ಹೇಳದಿದ್ದರೆ?”

“ತಾಯಿಯಿಂದ ಮಗಳಿಗೆ ಹರಿಯುವ ಬಳ್ಳಿಯನ್ನೇ ಲಿಂಗೇರ್ ಕತ್ತರಿಸುತ್ತಾಳೆ. ತಡವಾಗಿ ಹೇಳಿದರೆ ಅದರ ಒಂದು ತುಂಡು ತಾನೇ ಇಟ್ಟುಕೊಳ್ಳುತ್ತಾಳೆ.” ಅಷ್ಟು ಹೇಳಿ ತೆನಿಂಗ್ ಹೊರಟುಹೋದಳು.

ಊರ್ಮಿಳಾ ಕೈಗವಸು ಹಾಕಿಕೊಂಡಳು. ಅಪ್ಪ ದಿನವೂ ಹೇಳುತ್ತಿದ್ದ ಪ್ರವರ ಬಾಯಿಗೆ ಬಂತು. “ಆಂಗಿರಸ, ಬಾರ್ಹಸ್ಪತ್ಯ, ಭಾರದ್ವಾಜ,” ಎಂದು ರಾಗವಾಗಿ ಹೇಳಿದಳು. ಎಲ್ಲ ಗಂಡಸರೇ. ಸಾಕಲ್ಲ ಎಂದುಕೊಂಡು ಮುಚ್ಚಳ ತೆಗೆದಳು.

ಹುಳಿತ ಹಾಲಿನ ವಾಸನೆ ಮುಖಕ್ಕೆ ರಾಚಿತು. ನೂರು ವರ್ಷದಿಂದ ಒಣಗಿದ್ದ ಬುರುಡೆಯೊಳಗೆ ಏನೋ ತುಳುಕಿತು. ದೀಪ ಆರಿತು. ಕತ್ತಲಲ್ಲಿ ಕಿವಿಯ ಪಕ್ಕದಲ್ಲೇ ಹೆಣ್ಣೊಬ್ಬಳ ಉಸಿರು. ಯಾವ ಭಾಷೆಯೋ ಗೊತ್ತಿಲ್ಲ, ಅರ್ಥ ಮಾತ್ರ ಆಯಿತು. ಯಾರ ಹೊಟ್ಟೆಯಲ್ಲಿ ಹುಟ್ಟಿದೆ?

“ವಿಜಯಮ್ಮ,” ಎಂದು ತೊದಲಿದಳು. “ಅವರಮ್ಮ ಕಾಂತಾಮಣಿ. ಅವರಮ್ಮ...” ಆಕೆಯನ್ನು ಮನೆಯಲ್ಲಿ ಎಲ್ಲರೂ ಮಡಿ ಅಜ್ಜಿ ಎನ್ನುತ್ತಿದ್ದರು. ಹೆಸರು ಕೇಳಿದವರೇ ಇಲ್ಲ.

ದೀಪ ಬಂತು. ಬುರುಡೆ ಒಣಗಿಯೇ ಇತ್ತು. ಮಗಳನ್ನು ನೋಡಬೇಕು ಎನಿಸಿ ಅವಳ ಶಿಶುವಿಹಾರಕ್ಕೆ, ಕಿಟಾಗೆ, ಓಡಿದಳು.

ಐದು ವರ್ಷದ ಸಾನ್ವಿ ಅಂಗಳದಲ್ಲಿದ್ದಳು. ಅಮ್ಮನನ್ನು ಕಂಡು ಟೀಚರ್ ಹಿಂದೆ ಅಡಗಿದಳು.

“ವೇರ್ ಇಸ್ಟ್ ಡೀ ಫ್ರಾವ್?”

ಯಾರು ಈ ಹೆಂಗಸು ಎಂದು ಸಾನ್ವಿ ಜರ್ಮನ್ ಭಾಷೆಯಲ್ಲಿ ಟೀಚರನ್ನು ಕೇಳಿದಳು. ಟೀಚರ್ ಕೂಡ ಗೇಟಿಗೆ ಅಡ್ಡ ನಿಂತಳು. ದಿನಾ ನಕ್ಕು ಮಾತಾಡಿಸುತ್ತಿದ್ದವಳು.

ಊರ್ಮಿಳಾ ಮೈಸೂರಿಗೆ ಫೋನ್ ಹಚ್ಚಿದಳು. “ಅಮ್ಮಾ, ಕಾಂತಾಮಣಿ ಅಜ್ಜಿಯ ಅಮ್ಮನ ಹೆಸರೇನು? ಬೇಗ ಹೇಳು.”

“ಯಾರಮ್ಮ ಮಾತಾಡೋದು?”

“ನಾನಮ್ಮ. ಊರ್ಮಿಳಾ. ನಿನ್ ಮಗಳು.”

“ರಾಂಗ್ ನಂಬರ್ ಇರ್ಬೇಕು ಕಣಮ್ಮ. ನಂಗೆ ಹೆಣ್ಮಕ್ಕಳಿಲ್ಲ.”

ಹುಳಿ ವಾಸನೆ ಮತ್ತೆ ಬಂತು. ಕುತ್ತಿಗೆಯ ಹಿಂದೆ ಉಸಿರು. ಟೀಚರ್ ಸಾನ್ವಿಯ ಕೈ ಹಿಡಿದು ಒಳಗೆ ಹೊರಟಳು. ಐದು ಹೆಜ್ಜೆ. ಮೂರು. ಬಾಗಿಲು ತೆರೆಯಿತು.

“ದಮ್ಮಯ್ಯ, ಆ ಹೆಸರು ಒಂದು ಹೇಳಿ. ನನ್ ಮಗು ಹೋಗ್ತಿದೆ.”

“ನಾಗವೇಣಿ,” ಎಂದಿತು ಆ ಕಡೆಯ ಮುದಿ ದನಿ. “ಯಾರೂ ಹೆಸರು ಹಿಡಿದು ಕರೀತಿರ್ಲಿಲ್ಲ ಪಾಪ.”

“ವಿಜಯಮ್ಮ. ಕಾಂತಾಮಣಿ. ನಾಗವೇಣಿ.” ಊರ್ಮಿಳಾ ಗೇಟು ಹಿಡಿದು ಕೂಗಿದಳು.

ವಾಸನೆ ಇಲ್ಲವಾಯಿತು. ಸಾನ್ವಿ ಕೈ ಬಿಡಿಸಿಕೊಂಡು ಓಡಿ ಬಂದು ಕಾಲು ತಬ್ಬಿದಳು. “ಮಾಮಾ, ವಾರುಮ್ ವೈನ್ಸ್ಟ್ ಡು?” ಯಾಕೆ ಅಳ್ತಿದ್ದೀಯಾ ಎಂದು ಕೇಳಿದಳು.

ಮಗಳನ್ನು ಎತ್ತಿ ಅವಚಿಕೊಂಡು ಊರ್ಮಿಳಾ ಫೋನ್ ಕಿವಿಗಿಟ್ಟಳು. “ಅಮ್ಮಾ, ಸಾನ್ವಿ ಸಿಕ್ಕಳಮ್ಮ.”

“ಸಿಕ್ತಾ ಮಗು? ಒಳ್ಳೇದಾಯ್ತು,” ಎಂದರು ವಿಜಯಮ್ಮ, ಅಪರಿಚಿತರೊಡನೆ ಮಾತಾಡುವ ಅದೇ ಅಕ್ಕರೆಯಲ್ಲಿ. “ಅಳಬೇಡ ತಾಯಿ. ಮೊದ್ಲು ನಿಮ್ಮಮ್ಮಂಗೆ ಒಂದು ಫೋನ್ ಮಾಡು.”