ಜಾಗ ತಿಂದ ನೆನಪು

ಪರದೆಯ ಮೇಲೆ ವಿರೂಪಾಕ್ಷ ಬಡಿಗೇರರ ನೆನಪುಗಳು ಬಣ್ಣಬಣ್ಣದ ಚೌಕಗಳಾಗಿ ಹರಡಿಕೊಂಡವು. ಹೆಚ್ಚು ಜಾಗ ಹಿಡಿದ ನೆನಪಿಗೆ ದೊಡ್ಡ ಚೌಕ, ಕಡಿಮೆ ಹಿಡಿದದ್ದಕ್ಕೆ ಚಿಕ್ಕದು. ಮದುವೆ, ಮಗಳ ಬಾಲ್ಯ, ತೀರಿಹೋದ ಹೆಂಡತಿಯ ದನಿ ಎಲ್ಲವೂ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೂತಿದ್ದವು. ಉಳಿದ ಪರದೆಯನ್ನೆಲ್ಲ ಒಂದೇ ಒಂದು ಬೂದು ಚೌಕ ಆವರಿಸಿತ್ತು.

“ಇದೇನ್ರಿ ಮೇಡಂ?” ಎಂದಳು ಅವರ ಮಗಳು ಸೃಷ್ಟಿ.

“ಅದನ್ನ ನೋಡೂಣ್ರಿ,” ಎಂದಳು ಆಫ್ರೀನ್ ನದಾಫ್. ತಲೆಯಲ್ಲಿ ಕೂರಿಸಿದ ನೆನಪಿನ ಡಿಸ್ಕಿನ ಜಾಗವನ್ನು ಯಾವುದು ತಿನ್ನುತ್ತಿದೆಯೆಂದು ತೋರಿಸುವ ಈ ಯಂತ್ರವನ್ನು ಹುಬ್ಬಳ್ಳಿಯ ತನ್ನ ಪ್ರಯೋಗಾಲಯದಲ್ಲಿ ಕಟ್ಟಿದವಳು ಅವಳೇ.

ವಿರೂಪಾಕ್ಷರು ರೈಲು ಓಡಿಸಿ ನಿವೃತ್ತರಾದವರು. ಮರೆವಿನ ಕಾಯಿಲೆ ಶುರುವಾದಾಗ ಅವರ ಕಿವಿಯ ಹಿಂದಿನ ಮೂಳೆಯಲ್ಲಿ ಹುರುಳಿಕಾಳಿನಷ್ಟು ಚಿಕ್ಕ ಡಿಸ್ಕ್ ಕೂರಿಸಿ, ಮಿದುಳಿನಲ್ಲಿ ಉಳಿದಿದ್ದ ನೆನಪುಗಳನ್ನೆಲ್ಲ ಅದಕ್ಕೆ ವರ್ಗಾಯಿಸಿದ್ದರು. ಆ ಕಾಲದಲ್ಲಿ ಅದು ಎಲ್ಲೆಡೆ ನಡೆಯುತ್ತಿದ್ದ ಚಿಕಿತ್ಸೆ. ಹೊಸ ಅನುಭವಗಳೂ ಅದರಲ್ಲೇ ದಾಖಲಾಗುತ್ತಿದ್ದವು. ಬದುಕಿರುವಷ್ಟು ಕಾಲ ಸಾಲಬೇಕಾಗಿದ್ದ ಡಿಸ್ಕ್ ಕೆಲವೇ ವರ್ಷಗಳಲ್ಲಿ ಭರ್ತಿಯಾಗಿ, ಈಗ ಹೊಸದೇನೂ ನಿಲ್ಲುತ್ತಿರಲಿಲ್ಲ. ಸೃಷ್ಟಿಗೆ ಮಗು ಹುಟ್ಟಿತ್ತು. ತೊಟ್ಟಿಲು ಕಂಡಾಗಲೆಲ್ಲ ಅವರು, “ಯಾರ ಕೂಸವ್ವ ಇದು?” ಎಂದು ಕೇಳುತ್ತಿದ್ದರು. ದೊಡ್ಡ ಡಿಸ್ಕ್ ಹಾಕಿಸೋಣವೆಂದರೆ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ತಾಳುವ ಶಕ್ತಿ ಆ ದೇಹಕ್ಕಿರಲಿಲ್ಲ.

ಆಫ್ರೀನ್ ಬೂದು ಚೌಕವನ್ನು ತೆರೆದಳು. ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಚೌಕಗಳು. ಎಲ್ಲದರಲ್ಲೂ ಇದ್ದದ್ದು ಒಂದೇ ಘಟನೆ. ಎಂಜಿನ್ನಿನ ಗಾಜು, ಹಳಿ, ಹಳಿ ದಾಟುತ್ತಿರುವ ಹುಡುಗಿ, ಬ್ರೇಕಿನ ಕೀರಲು ಸದ್ದು.

“ನೆನಪು ಮಾಡ್ಕೊಳ್ಳೋದೂ ಒಂದು ಅನುಭವನೇ ಅಲ್ಲೇನ್ರಿ,” ಆಫ್ರೀನ್ ವಿವರಿಸಿದಳು. “ನಿಮ್ಮ ತಂದೆ ಪ್ರತಿ ಸಲ ಇದನ್ನ ನೆನೆಸಿದಾಗ ಡಿಸ್ಕ್ ಇನ್ನೊಂದು ಪ್ರತಿ ಬರಕೊಂಡೈತಿ. ಪ್ರತಿಗಳು ಒಂದೇ ನಮೂನಿ ಇದ್ದಿದ್ರ ಅದು ತಾನೇ ಕೂಡಿಸಿಬಿಡ್ತಿತ್ತು. ಇವು ಒಂದಕ್ಕೊಂದು ಚೂರು ಬ್ಯಾರೆ ಅದಾವ.”

ಬೇರೆ ಎಲ್ಲಿ ಎಂದು ನೋಡಲು ಅವಳು ಕೆಲವನ್ನು ತೆರೆದಳು. ಎಲ್ಲಕ್ಕಿಂತ ಹಳೆಯದರಲ್ಲಿ ಹುಡುಗಿ ಹಾರ್ನಿನತ್ತ ತಿರುಗಿದ್ದಳು. ಭಯದಿಂದ ಕಣ್ಣು ಅಗಲವಾಗಿ, ಬಾಯಿ ತೆರೆದೇ ಇತ್ತು. ಮುಂದಿನವುಗಳಲ್ಲಿ ಆ ಭಯ ಸ್ವಲ್ಪಸ್ವಲ್ಪವೇ ಇಳಿಯುತ್ತ ಬಂದಿತ್ತು. ಕೊನೆಯದರಲ್ಲಿ ಹುಡುಗಿ ಹಳಿಯಾಚೆ ಯಾರನ್ನೋ ನೋಡಿ ನಗುತ್ತಿದ್ದಳು. ರೈಲನ್ನು ಅವಳು ಕಂಡೇ ಇರಲಿಲ್ಲ. ನೆನಪು ಸವೆದಿದೆ ಎಂದಷ್ಟೇ ಆಫ್ರೀನ್ ಅಂದುಕೊಂಡಳು.

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ವಿರೂಪಾಕ್ಷರಿಗೆ ಅವಳು ಎಲ್ಲವನ್ನೂ ತಿಳಿಸಿದಳು. “ಒಂದು ಪ್ರತಿ ಉಳಿದ್ರೂ ಮತ್ತ ತುಂಬತೈತ್ರಿ. ತೆಗದ್ರ ಪೂರಾ ತೆಗೀಬೇಕು, ಅದಕ್ಕ ಅಂಟಿಕೊಂಡಿದ್ದೆಲ್ಲ ಸೇರಿಸಿ.”

“ಆ ಹುಡುಗಿ ಮುಖಾನೂ ಹೋಗತೈತೇನ್ರಿ?”

“ಹೋಗತೈತ್ರಿ.”

ಸೃಷ್ಟಿ ಅವರ ಕೈ ಹಿಡಿದು, “ಅಪ್ಪಾ, ನಿನ್ನ ಮೊಮ್ಮಗಳ ಹೆಸರಾದ್ರೂ ನಿನಗ ಗೊತ್ತಾಗ್ಲಿ,” ಎಂದಳು. ಅವರು ಮಗುವನ್ನು ನೋಡಿದರು.

“ಇದು ನಿನ್ನ ಕೂಸೇನವ್ವ?” ಎಂದು ಕೇಳಿ, ಕಣ್ಣೊರೆಸಿಕೊಂಡು, “ತೆಗೀರಿ,” ಎಂದರು.

ಮರುದಿನದಿಂದಲೇ ಅವರು ಮೊಮ್ಮಗಳನ್ನು ಹೆಸರು ಹಿಡಿದು ಕರೆಯತೊಡಗಿದರು. ಮನೆಯಲ್ಲಿ ನಗು ಕೇಳಿಸಿತು. ಪ್ರಯೋಗ ಗೆದ್ದಿತೆಂದು ಆಫ್ರೀನ್ ವರದಿ ಕಳಿಸಿದಳು. ಆಸ್ಪತ್ರೆಗಳು ಯಂತ್ರವನ್ನು ತರಿಸಿಕೊಳ್ಳತೊಡಗಿದವು.

ಕೆಲವು ತಿಂಗಳ ನಂತರ ವಯಸ್ಸಾದ ಹೆಂಗಸೊಬ್ಬಳು ಪ್ರಯೋಗಾಲಯಕ್ಕೆ ಬಂದಳು. ಹೆಸರು ರೇಣುಕಾ ಹಾದಿಮನಿ ಎಂದಳು.

“ಹಳಿ ಮ್ಯಾಲೆ ಹ್ವಾದಾಕಿ ನನ್ನ ಮಗಳ್ರಿ. ಪ್ರತಿ ವರ್ಷ ನಾ ಬಡಿಗೇರ ಅಣ್ಣಾರ ಮನಿಗೆ ಹೋಗ್ತಿದ್ದೆ. ನಾ ಯಾರಂತ ಮನಿಯಾಗ ಅವ್ರು ಯಾರಿಗೂ ಹೇಳಿರಲಿಲ್ಲ, ಪರಿಚಯದಾಕಿ ಅಂತಿದ್ರು. ಮೊನ್ನೆ ಹ್ವಾದ್ರ, ‘ಯಾರ್ರಿ ತಾಯಿ ನೀವು? ಕುಂದರ್ರಿ, ಚಾ ತಗೋರಿ’ ಅಂದ್ರು. ನಾ ಚಾ ಕುಡದು ಎದ್ದು ಬಂದೆ.”

ಆಫ್ರೀನ್ ಅವಳಿಗೆ ಕುರ್ಚಿ ಸರಿಸಿ ಕೊಟ್ಟಳು. ರೇಣುಕಾ ಕೂತು ಮುಂದುವರಿಸಿದಳು.

“ಅಕಿ ಕೊನೀಗೆ ಹ್ಯಾಂಗಿದ್ಲು ಅಂತ ಮೊದಲನೇ ಸಲ ಕೇಳಿದಾಗ ಅವ್ರು ಬಾಯೇ ಬಿಡಲಿಲ್ರಿ. ಆಮ್ಯಾಲೆ ಒಂದು ವರ್ಷ, ನಗಾಕತ್ತಿದ್ಲು ಅಂದ್ರು. ಅವತ್ತಿನಿಂದ ನಾ ಪ್ರತಿ ಸಲ ಅದನ್ನೇ ಕೇಳ್ತಿದ್ದೆ, ಅವ್ರು ಅದನ್ನೇ ಹೇಳ್ತಿದ್ರು.” ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. “ಅವ್ರ ಮಗಳು ಹೇಳಿದ್ಲು, ಆ ನೆನಪನ್ನ ನೀವು ಕಣ್ಣಿಂದ ನೋಡೀರಂತ. ಖರೇ ಹೇಳ್ರಿ, ನಗಾಕತ್ತಿದ್ಲೇನು?”

ಸವೆದ ನೆನಪೆಂದು ತಾನು ತಿಳಿದದ್ದು ಏನೆಂದು ಆಫ್ರೀನ್‌ಗೆ ಆಗ ಅರ್ಥವಾಯಿತು. ಈ ತಾಯಿಗೆ ಕೊಟ್ಟ ಉತ್ತರವನ್ನು ನಿಜ ಮಾಡಲು ಆ ಮನುಷ್ಯ ವರ್ಷಗಟ್ಟಲೆ ಅದೇ ಹಳಿಗೆ ಮರಳಿ ಮರಳಿ ಹೋಗಿದ್ದರು. ಹೋದಷ್ಟು ಸಲವೂ ಆ ಭಯವನ್ನು ಒಂದಿಷ್ಟು ಒರೆಸಿ ಬಂದಿದ್ದರು. ಅದನ್ನು ಅವಳು ಕಸವೆಂದು ತೆಗೆದುಹಾಕಿದ್ದಳು. ಮರಳಿ ತರುವ ದಾರಿ ಇರಲಿಲ್ಲ.

“ಹೌದ್ರಿ ಅವ್ವಾ,” ಎಂದಳು. “ನಗಾಕತ್ತಿದ್ಲು.”

ರೇಣುಕಾ ಮುಖ ಮುಚ್ಚಿಕೊಂಡು ಅತ್ತಳು. ಹೋಗುವಾಗ, “ಮುಂದಿನ ವರ್ಷ ನಿಮ್ಮ ಕಡೆ ಬರ್ಲೇನ್ರಿ?” ಎಂದು ಕೇಳಿದಳು.

“ಬರ್ರಿ.”

ಅವಳು ಬಂದಳು, ಅದರ ಮುಂದಿನ ವರ್ಷವೂ ಬಂದಳು. ಆಫ್ರೀನ್ ಅದನ್ನೇ ಹೇಳಿದಳು. ಒಮ್ಮೆ ಹಾಗೆ ಹೇಳುತ್ತಿರುವಾಗ, ಎಲ್ಲಕ್ಕಿಂತ ಹಳೆಯ ಪ್ರತಿಯಲ್ಲಿ ತಾನು ನಿಜಕ್ಕೂ ನೋಡಿದ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದಳು. ಕಣ್ಣೆದುರು ಬಂದ ಹುಡುಗಿ ನಗುತ್ತಿದ್ದಳು. ಆಫ್ರೀನಳ ತಲೆಯಲ್ಲಿ ಯಾವ ಡಿಸ್ಕೂ ಇರಲಿಲ್ಲ. ನಮ್ಮೆಲ್ಲರಿಗೂ ಇರುವಂಥ ಬರಿಯ ಮಿದುಳು ಅದು.