ವಿನುತಕ್ಕನ ಸೊಲ್ಲು

ವಿನುತಕ್ಕನ ದನಿ ಇಳಿಯುತ್ತಿದೆ ಎಂದು ಮೊದಲು ಗೊತ್ತಾದದ್ದು ನನ್ನ ಬೆರಳುಗಳಿಗೆ. ಕಾರವಾರದ ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಅವಳಿಗೆ ಹೆಸರು ತಂದ ಹಾಡಿನ ಶ್ರುತಿಯನ್ನು ವರ್ಷ ವರ್ಷವೂ ತಗ್ಗಿಸುತ್ತ ಬಂದವನು ನಾನೇ. ಗಾಜಿನ ಬಳೆಯಂತಿದ್ದ ದನಿ, ತೆಂಗಿನ ಒಣ ಮಡಲನ್ನು ನೆಲದ ಮೇಲೆ ಎಳೆದಂತಾಗಿತ್ತು.

ಇನ್ನು ಬೇರೆ ಹುಡುಗಿ ಹಾಡಲಿ ಎಂದು ಮಾಲೀಕರು ಹೇಳಿದ ಮರುದಿನ, ಅವಳು ನನ್ನನ್ನು ಶೆಟಗೇರಿಯ ತವರಿನ ಗದ್ದೆಗೆ ಕರೆದೊಯ್ದಳು. ಅಲ್ಲಿ ಭತ್ತದ ಸಸಿ ನಟ್ಟಿ ಮಾಡುವಾಗ ಒಬ್ಬರು ಹಾಡಿದ ಸಾಲನ್ನು ಉಳಿದವರು ತಿರುಗಿ ಹಾಡುತ್ತಾರೆ. ಅದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಆ ಮಧ್ಯಾಹ್ನ ಗದ್ದೆಯಲ್ಲಿ ಯಾರೂ ಇರಲಿಲ್ಲ. ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿದೆ, ಅವಳು ಒಂದು ಸಾಲು ಹಾಡಿದಳು.

ಆಚೆ ಬದುವಿನಿಂದ ಸೊಲ್ಲು ಬಂತು. ಅವಳದೇ ಹರೆಯದ ದನಿ, ಹಳೆಯ ಶ್ರುತಿ. ಬಿಸಿಲಿನಲ್ಲೂ ನನ್ನ ಕಾಲಡಿಯ ಕೆಸರು ತಣ್ಣಗೆ ಕೊರೆಯತೊಡಗಿತು.

“ಸಾಕು ಅಕ್ಕ.”

“ಅದು ನನ್ನ ದನಿ, ಸುಭಾಷ. ಬಿಟ್ಟು ಹೆಂಗೆ ಬರೂದು? ಹಾಡ್ತಾ ಇದ್ರೆ ಹತ್ರ ಬರ್ತದೆ.”

ಹಾಡಿದಷ್ಟೂ ಅವಳ ಗಂಟಲು ಕಟ್ಟಿತು, ಆ ದನಿ ಹತ್ತಿರವಾಯಿತು. ಕೊನೆಗೆ ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು; ಸೊಲ್ಲು ನಿಲ್ಲಲಿಲ್ಲ. “ಬಾ ಅಕ್ಕ, ಮನೆಗೆ ಹೋಗ್ವಾ,” ಎಂದು ರಟ್ಟೆ ಹಿಡಿದು ಎಳೆದೆ. ಅವಳು ಅಳುತ್ತ ಹಿಂದೆ ಬಂದಳು, ಅಳುವಿಗೂ ಸದ್ದಿರಲಿಲ್ಲ.

ಗಂಟಲಿನಲ್ಲಿ ದೋಷವೇನೂ ಇಲ್ಲ ಎನ್ನುತ್ತಾರೆ ಡಾಕ್ಟರು. ಅವಳು ಇವತ್ತಿಗೂ ಮಾತಾಡಿಲ್ಲ.

ರೆಕಾರ್ಡ್ ನನ್ನ ಫೋನಿನಲ್ಲಿದೆ. ವಿನುತಕ್ಕ ಹಾಡಿದ ಕಡೆಯೆಲ್ಲ ಬರೀ ಗಾಳಿ. ಆ ಎಳೆ ದನಿ ಮಾತ್ರ ಸ್ಪಷ್ಟವಾಗಿದೆ. ಕೊನೆಯಲ್ಲಿ ನಾನು ಮನೆಗೆ ಕರೆದದ್ದು ಕೇಳಿಸುತ್ತದೆ.

“ನಡಿ ಸುಭಾಷ, ನಾ ಬಂದೆ,” ಎನ್ನುತ್ತದೆ ಆ ದನಿ.